ನರಾಚಿಯಲ್ಲಿ ಕಾಣದ ಮುಷ್ಕರ

‘ಕೆಜಿಎಫ್’ ನನಗೆ ಇಷ್ಟವಾದ ಸಿನಿಮಾ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಯಬೇಡಿ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯದು, ಎರಡನ್ನೂ ಥಿಯೇಟರಲ್ಲೇ ನೋಡಿದೆ. ಯಶ್ ತೆರೆಗೆ ಬಂದಾಗ ನಾನೂ ಶಿಳ್ಳೆ ಹೊಡೆದವನೇ. ಅದರಲ್ಲಿ ಕುಳಿತು ಕಥೆ ಹೇಳಿಸೋಳು ಒಂದು ನ್ಯೂಸ್ ಚಾನೆಲ್‌ನ ಸಂಪಾದಕಿ, ಮಾಳವಿಕಾ ಅವಿನಾಶ್ ಮಾಡಿದ ಪಾತ್ರ. ನಮ್ಮ ಕಸುಬಿನವರಿಗೆ ಸಿನಿಮಾದಲ್ಲಿ ಇಷ್ಟು ಮರ್ಯಾದೆ ಸಿಗೋದೇ ಅಪರೂಪ, ಬಿಡಿ.

ನನ್ನ ತಕರಾರು ಬೇರೆ. ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಥೆಯಲ್ಲಿ ಚಿನ್ನ ಸಿಗೋದು 1951ರಲ್ಲಿ. ಅಷ್ಟೊತ್ತಿಗೆ ನಿಜವಾದ ಕೋಲಾರದ ಗಣಿಗೆ ಹತ್ತಿರ ಹತ್ತಿರ ಎಪ್ಪತ್ತು ವರ್ಷ ವಯಸ್ಸಾಗಿತ್ತು! 1880ರ ದಶಕದಿಂದಲೇ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಅಗೀತಿತ್ತು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರ್ ಆಸುಪಾಸು ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ತನ್ನ ಕೈಗೆ ತಗೊಂಡಿತು. ನರಾಚಿ ಕಲ್ಪನೆಯ ಊರು, ಒಪ್ಪಿದೆ. ಆದರೆ ಪೋಸ್ಟರ್ ಮೇಲೆ ಇರೋದು ನಿಜವಾದ ಊರಿನ ಹೆಸರು.

ಇಸವಿ ತಪ್ಪಿದ್ದಕ್ಕೆ ನಾನು ಜಗಳ ಆಡೋಲ್ಲ. ನರಾಚಿಯಲ್ಲಿ ಜನ ಏನು ಮಾಡ್ತಾರೆ ನೋಡಿ. ಏಟು ತಿಂತಾರೆ, ಸಾಯ್ತಾರೆ, ಕಾಯ್ತಾರೆ. ರಾಕಿ ಬಂದು ಗರುಡನ ಕತ್ತು ತೆಗೆಯೋವರೆಗೂ ಒಬ್ಬನೂ ತಲೆ ಎತ್ತೋಲ್ಲ.

ನಿಜವಾದ ಕೆಜಿಎಫ್‌ನಲ್ಲಿ 1930ರಲ್ಲಿ ಏನಾಯ್ತು? ಕೂಲಿಕಾರರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅಂತ ನಿಯಮ ಬಂತು. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ನಮ್ಮದ್ಯಾಕೆ ಅಂದ್ರು ಜನ. ಆರ್ಕಾಟು, ಸೇಲಂ ಕಡೆಯಿಂದ ಬಂದವರು, ಬಹುಪಾಲು ದಲಿತರು, ಲೈನ್ ಮನೆಗಳಲ್ಲಿ ಬದುಕುತ್ತಿದ್ದವರು. ಕೆಲಸ ನಿಲ್ಲಿಸಿ ಮೇಲೇ ಉಳಿದುಬಿಟ್ಟರು, ಗಣಿಗೆ ಇಳಿಯಲೇ ಇಲ್ಲ. ಮುಂದೆ 1946ರಲ್ಲಿ ಪೊಲೀಸರು ಗುಂಡು ಹಾರಿಸಿ ಅಲ್ಲಿ ಕಾರ್ಮಿಕರು ಸತ್ತರು. ಇದರಲ್ಲಿ ಸಿನಿಮಾಕ್ಕೆ ಬೇಕಾದ್ದು ಏನು ಕಡಿಮೆ ಇದೆ ಹೇಳಿ? ಹೀರೋ ಒಬ್ಬ ಇಲ್ಲ, ಅಷ್ಟೇ.

ಇಷ್ಟು ಹೇಳೋ ಯೋಗ್ಯತೆ ನನಗಿದೆಯಾ ಅಂತ ಕೇಳಿದ್ರೆ, ಇಲ್ಲ. ಮೊದಲ ಭಾಗ ಬಿಡುಗಡೆಯಾದ ವಾರ ನಾವೂ ‘ಅಸಲಿ ಕೆಜಿಎಫ್’ ಅಂತ ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ವಿ. ನಿರೂಪಣೆ ನನ್ನದೇ. ಹಿಂದೆ ಸಿನಿಮಾದ ಮ್ಯೂಸಿಕ್ಕು, ಮುಂದೆ ನನ್ನ ಅಬ್ಬರ. ನಿವೃತ್ತ ಗಣಿ ಕಾರ್ಮಿಕರೊಬ್ಬರನ್ನ ನಾನೇ ಹೋಗಿ ಮಾತಾಡಿಸಿದ್ದೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರು. ಕೆಳಗಿನ ಬಿಸಿ, ಭಾರ ತಾಳದೆ ಬಂಡೆ ಸಿಡಿಯೋ ರಾಕ್ ಬರ್ಸ್ಟು, ಅದು ಆದಾಗ ಮೇಲೆ ಮನೆಯ ಪಾತ್ರೆ ನಡುಗೋದು, ನಡುಗಿದ ತಕ್ಷಣ ಹೆಂಗಸರು ಶಾಫ್ಟ್ ಕಡೆ ಓಡೋದು, ಎಲ್ಲಾ ಹೇಳಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಮಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋದನ್ನೂ ಹೇಳಿದ್ರು. ಕೊನೆಗೆ ತಮಿಳು ಬೆರೆತ ಕನ್ನಡದಲ್ಲಿ ನನ್ನನ್ನೇ ಕೇಳಿದ್ರು: “ಸಾರ್, ಟ್ರೇಲರಲ್ಲಿ ನಮ್ಮೋರೆಲ್ಲ ಬರೀ ಒದೆ ತಿಂತವ್ರಲ್ಲ, ನಾವು ಹಂಗಾ ಇದ್ವಿ?”

ನಾನು ನಕ್ಕು ಮೈಕ್ ಮಡಚಿದೆ. ಎಡಿಟಿಂಗ್‌ನಲ್ಲಿ ಅವರ ಮಾತು ಹನ್ನೆರಡು ಸೆಕೆಂಡಿಗೆ ಇಳೀತು, ಪಾತ್ರೆ ನಡುಗಿದ್ದಷ್ಟೇ.

ಈ ಲೇಖನಕ್ಕೋಸ್ಕರ ಪೂರ್ತಿ ಸಂದರ್ಶನ ಹುಡುಕಿಸಿದೆ. ಜಾಗ ಸಾಲದೆ ಹಳೇ ಫೂಟೇಜ್ ಅಳಿಸಿದ್ದಾರಂತೆ. ಪ್ರಸಾರವಾದ ಆ ಹನ್ನೆರಡು ಸೆಕೆಂಡ್ ಮಾತ್ರ ಉಳಿದಿದೆ.