ಪರದೆಯ ಹಿಂದಿನ ದನಿ

1952ರ ‘ಸಿಂಗಿಂಗ್ ಇನ್ ದ ರೇನ್’ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮಡಚಿದ ಕೊಡೆ ಹಿಡಿದು, ಮಳೆಯಲ್ಲಿ ನೆನೆಯುತ್ತ ಕುಣಿಯುವ ಜೀನ್ ಕೆಲಿ. ಅನುವಾದಕಿಯಾದ ನನ್ನನ್ನು ಮತ್ತೆ ಮತ್ತೆ ಆ ಸಿನಿಮಾಕ್ಕೆ ಎಳೆಯುವುದು ಮಾತ್ರ ಮಳೆಯಲ್ಲ, ದನಿ.

ಕಥೆ ನಡೆಯುವುದು 1927ರಲ್ಲಿ. ‘ದ ಜಾಝ್ ಸಿಂಗರ್’ ಗೆದ್ದು, ಮೂಕಿ ಚಿತ್ರಗಳ ಹಾಲಿವುಡ್ ಮಾತು ಕಲಿಯಲು ಪರದಾಡುತ್ತಿದ್ದ ಕಾಲ. ತಾರೆ ಲೀನಾಳ ಕೀರಲು ದನಿ ಟಾಕಿಗೆ ಒಗ್ಗದು. ಹಾಗಾಗಿ ಹೊಸಬಳಾದ ಕ್ಯಾಥಿ ಅವಳಿಗೆ ಕದ್ದು ದನಿ ಕೊಡುತ್ತಾಳೆ. ಕೊನೆಗೆ ವೇದಿಕೆಯ ಪರದೆ ಸರಿದಾಗ, ಹಾಡುತ್ತಿರುವವರು ಯಾರೆಂದು ಪ್ರೇಕ್ಷಕರಿಗೆಲ್ಲ ಗೊತ್ತಾಗುತ್ತದೆ.

ತಮಾಷೆ ಇರುವುದು ಇಲ್ಲೇ. ಕ್ಯಾಥಿಯ ಪಾತ್ರ ಮಾಡಿದವರು ಡೆಬಿ ರೆನಾಲ್ಡ್ಸ್. ಆದರೆ ಕ್ಯಾಥಿ ಲೀನಾಗಾಗಿ ಹಾಡುವ ‘ವುಡ್ ಯೂ’ ಹಾಡಿನಲ್ಲಿ ನಮಗೆ ಕೇಳುವುದು ಬೆಟಿ ನೋಯ್ಸ್ ಎಂಬ ಗಾಯಕಿಯ ದನಿ. ಕ್ಯಾಥಿ ಡಬ್ ಮಾಡಿದಳೆನ್ನುವ ಮಾತುಗಳಂತೂ ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರದೇ ಸಹಜ ದನಿ! ಚಿತ್ರದ ಹೆಸರುಪಟ್ಟಿಯಲ್ಲಿ ನೋಯ್ಸ್ ಇಲ್ಲ. ಒಂದು ದನಿಗೆ ನ್ಯಾಯ ಕೊಡಿಸಿದ ಸಿನಿಮಾವೇ ಇನ್ನೊಂದು ದನಿಯನ್ನು ಮರೆಯಲ್ಲಿಟ್ಟಿತು.

ಎಪ್ಪತ್ತು ವರ್ಷ ದಾಟಿದರೂ ಅದು ಹಳತೆನಿಸದಿರುವುದು ಇದಕ್ಕೇ ಇರಬೇಕು: ಕೆಲಸ ಯಾರದು, ಹೆಸರು ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ನಾನು ಅನುವಾದಿಸಿದ ಎಷ್ಟೋ ಪುಟಗಳಲ್ಲಿ ನನ್ನ ಹೆಸರಿಲ್ಲ. ಪರದೆ ಸರಿಯುವ ದೃಶ್ಯಕ್ಕೆ ಎಲ್ಲರಂತೆ ನಾನೂ ನಗುತ್ತೇನೆ. ಆಮೇಲೆ ಬೆಟಿ ನೋಯ್ಸ್ ಹೆಸರನ್ನೊಮ್ಮೆ ಬಾಯಿಬಿಟ್ಟು ಹೇಳುತ್ತೇನೆ.