ಶಿವನಸಮುದ್ರದ ವಿದ್ಯುತ್ತು, ಕೋಲಾರದ ಚಿನ್ನ



ವೈದ್ಯನಿಗೆ ಇತಿಹಾಸದ ವೇದಿಕೆಯಲ್ಲೇನು ಕೆಲಸವೆಂದು ತಾವು ಕೇಳಬಹುದು. ಒಂದೇ ಆದಾಯವನ್ನು ನಂಬಿದ ನಾಡು ಒಂದೇ ಮೂತ್ರಪಿಂಡವುಳ್ಳ ವ್ಯಕ್ತಿಯಂತೆ. ಆತ ನೆಮ್ಮದಿಯಾಗಿಯೇ ಇರುತ್ತಾನೆ, ಅಳುಕು ವೈದ್ಯನಿಗೆ. ಆ ಅಳುಕೇ ನನ್ನನ್ನು ಇಲ್ಲಿಗೆ ಕರೆತಂದಿದೆ.

1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬರಬೇಕಾದ ಕುಮಾರನಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾದರು. ದಿವಾನರು ಕೆ. ಶೇಷಾದ್ರಿ ಅಯ್ಯರ್. 1898ರಲ್ಲಿ ಬೆಂಗಳೂರಿಗೆ ಪ್ಲೇಗು ನುಗ್ಗಿತು. ಅಂತಹ ವರ್ಷಗಳಲ್ಲಿ ಬೊಕ್ಕಸದ ಹಣವನ್ನು ಜಲಪಾತವೊಂದರ ಮೇಲೆ ತೊಡಗಿಸಲು ಮೈಸೂರು ಸರ್ಕಾರ ಮುಂದಾಯಿತು. ಆಸ್ಪತ್ರೆಗೇ ಸಾಲದ ಹಣ ಯಂತ್ರಗಳಿಗೇಕೆ ಎಂದು, ಅಂದು ಇದ್ದಿದ್ದರೆ, ನಾನೇ ಕೇಳುತ್ತಿದ್ದೆನೇನೋ.

ಯೋಜನೆಯನ್ನು ರೂಪಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯ ಟರ್ಬೈನುಗಳೂ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿದ್ಯುತ್ ಯಂತ್ರಗಳೂ ಶಿವನಸಮುದ್ರಕ್ಕೆ ಬಂದವು. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರದ ತಂತಿ ಮಾರ್ಗ ಆಗ ಜಗತ್ತಿನಲ್ಲೇ ಅಪೂರ್ವ. 1901ರಲ್ಲಿಯೇ ನಿಧನರಾದ ಶೇಷಾದ್ರಿ ಅಯ್ಯರರಿಗೆ ಇದನ್ನು ಕಾಣುವ ಭಾಗ್ಯವಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ಪ್ರಜೆ! ಆದರೆ ಹಣ ಕೊಡುವ ಗಿರಾಕಿಯಿಲ್ಲದೆ ಯಂತ್ರಗಳೇ ಬರುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು.

ಆದರೆ ಅದು ಒಬ್ಬನೇ ಗಿರಾಕಿ, ಅದೂ ಒಂದು ದಿನ ಬರಿದಾಗಲಿರುವ ಗಣಿಯ ಗಿರಾಕಿ. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಗಣಿಗಳಿಗೆ ಒಪ್ಪಿದಷ್ಟು ವಿದ್ಯುತ್ತು ಕೊಡುವುದೂ ಕಷ್ಟವಾಗುತ್ತಿತ್ತು. ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ವಿಶ್ವೇಶ್ವರಯ್ಯನವರು ಪಟ್ಟುಹಿಡಿದುದಕ್ಕೆ ನೀರಾವರಿಯಷ್ಟೇ ಇದೂ ಕಾರಣ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 81 ಲಕ್ಷ ರೂಪಾಯಿಗಳಿಗೆ ಮಂಜೂರಾತಿ ನೀಡಿದರು. ಬಳಿಕ ದಿವಾನರಾಗಿ ವಿಶ್ವೇಶ್ವರಯ್ಯನವರು ಸರ್ಕಾರದ ಬೆಂಬಲವನ್ನು ಒಂದೇ ಬುಟ್ಟಿಗೆ ಸುರಿಯಲಿಲ್ಲ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಗಂಧದ ಕತೆ ಇನ್ನೂ ಸ್ವಾರಸ್ಯಕರ. ನಮ್ಮ ಶ್ರೀಗಂಧದ ಕೊರಡು ಎಣ್ಣೆಯಾಗಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗುತ್ತಿತ್ತು. 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. 1916ರಲ್ಲಿ ಸರ್ಕಾರವೇ ಎಣ್ಣೆ ತೆಗೆಯತೊಡಗಿತು, 1918ರಲ್ಲಿ ಸಾಬೂನನ್ನೂ ತಯಾರಿಸಿತು. ಈ ಸಭೆಯಲ್ಲಿರುವವರ ಸೂಟ್‌ಕೇಸುಗಳಲ್ಲಿ ಆ ಸಾಬೂನು ಇಂದಿಗೂ ಗಡಿ ದಾಟುತ್ತಿದೆ!

ಎಲ್ಲವೂ ಗೆಲುವಲ್ಲ. ಭದ್ರಾವತಿಯ ಕಬ್ಬಿಣದ ಕುಲುಮೆ ಇದ್ದಿಲಿಗಾಗಿ ಮಲೆನಾಡಿನ ಮರಗಳನ್ನು ನುಂಗಿತು. ಎಲ್ಲರಿಗಿಂತ ಮೊದಲು ವಿದ್ಯುತ್ತು ಪಡೆದ ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನಾಡು ಬೇರೆ ದಾರಿ ಕಂಡುಕೊಂಡಿತ್ತು. ಗಣಿಯ ಊರಿಗೆ ಮಾತ್ರ ಬೇರೆ ದಾರಿಯನ್ನು ಯಾರೂ ಹಾಕಿಕೊಟ್ಟಿರಲಿಲ್ಲ. ಕಲ್ಲಿನ ಧೂಳು ತುಂಬಿದ ಶ್ವಾಸಕೋಶದ ಎಕ್ಸ್-ರೇ ನೋಡಿದ ವೈದ್ಯನಿಗೆ ಆ ಲೆಕ್ಕ ಬರಿಯ ಹಣದ್ದಾಗಿ ಕಾಣುವುದಿಲ್ಲ.

ನಾವೀಗ ಅನ್ನ ಉಣ್ಣುತ್ತಿರುವ ಈ ನಾಡೂ ಇಂತಹ ಪೆಟ್ಟನ್ನು ತಿಂದಿದೆ. ಜಪಾನಿನ ಕೃಷಿಮುತ್ತು ಮತ್ತು 1930ರ ದಶಕದ ಆರ್ಥಿಕ ಮುಗ್ಗಟ್ಟು ಇಲ್ಲಿಯ ಮುತ್ತಿನ ವ್ಯಾಪಾರವನ್ನು ಮುಳುಗಿಸಿದವು. ದುಖಾನಿನ ತೈಲ ಹೊರದೇಶಕ್ಕೆ ಹೊರಟದ್ದು 1949ರಲ್ಲಿ. ನಡುವಿನ ವರ್ಷಗಳು ಬರಗಾಲವೇ. ದೋಹಾದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ 2022ರಲ್ಲಿ ಉದ್ಘಾಟನೆಯಾದ ಅಲ್ ಖರ್ಸಾ ಸೌರ ಸ್ಥಾವರದ ಸಾಮರ್ಥ್ಯ 800 ಮೆಗಾವಾಟ್. ಶಿವನಸಮುದ್ರದಲ್ಲಿ ಸರ್ಕಾರ ಮಾರಿತು, ಕಂಪನಿಗಳು ಕೊಂಡವು. ಇಲ್ಲಿ ಕಂಪನಿ ಮಾರುತ್ತದೆ, ಸರ್ಕಾರದ ಕಹರಮಾ ಸಂಸ್ಥೆ 25 ವರ್ಷಗಳ ಕರಾರಿನ ಮೇಲೆ ಕೊಳ್ಳುತ್ತದೆ. ನಮ್ಮ ಪಾವಗಡದಲ್ಲಿ ಮೂರನೆಯದೊಂದು ಬಗೆಯಿದೆ. 2,050 ಮೆಗಾವಾಟಿನ ಆ ಸೌರ ಪಾರ್ಕಿಗೆ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ವರ್ಷ ವರ್ಷವೂ ಬಾಡಿಗೆ ಬರುತ್ತದೆ. ಭೂಮಿಯಿಲ್ಲದ ಕೂಲಿಯವನಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ.