ಸುಗಂಧರಾಜನ ತವರೂರು

ಕಳೆದ ಶ್ರಾವಣದಲ್ಲಿ ಬಂಧುಗಳೊಬ್ಬರ ಮನೆಯ ಪೂಜೆಗೆ ಹೋಗಿದ್ದೆ. ಆ ಮನೆಯ ಮೊಮ್ಮಗಳು ಹಿತ್ತಲಿನಲ್ಲಿ ತಾನೇ ನೀರೆರೆದು ಬೆಳೆಸಿದ ಡೇರೆ ಹೂವುಗಳನ್ನು ತಟ್ಟೆಯಲ್ಲಿ ತಂದಿಟ್ಟಳು. ಹಿರಿಯರೊಬ್ಬರು, “ಇದು ವಿದೇಶೀ ಹೂವು, ದೇವರಿಗೆ ಬೇಡ” ಎಂದು ತಟ್ಟೆಯನ್ನು ಬದಿಗೆ ಸರಿಸಿ, ಪೇಟೆಯಿಂದ ತಂದ ಸುಗಂಧರಾಜದ ಹಾರವನ್ನು ಏರಿಸಿದರು. ಹುಡುಗಿ ಮಾತಿಲ್ಲದೆ ಒಳಗೆ ಹೋದಳು. ಪೂಜೆಯ ಹೊತ್ತಿನಲ್ಲಿ ವಾಗ್ವಾದ ಸಲ್ಲದೆಂದು ನಾನೂ ಸುಮ್ಮನಿದ್ದೆ. ಆದರೆ ಅಲ್ಲಿ ಹೇಳಲಾಗದ ಮಾತನ್ನು ಇಲ್ಲಿ ಬರೆಯಬಹುದಲ್ಲವೇ? ಡೇರೆ ಮತ್ತು ಸುಗಂಧರಾಜ, ಎರಡರ ತವರೂ ಒಂದೇ. ಅದು ಮೆಕ್ಸಿಕೋ.

ಸುಗಂಧರಾಜವೆಂಬ ಹೆಸರು ಅಚ್ಚ ಸಂಸ್ಕೃತದ್ದಾದ್ದರಿಂದ ನಮಗೆ ಈ ಭ್ರಮೆ ಸಹಜ. ಉತ್ತರದವರ ರಜನಿಗಂಧಾ ಎಂಬ ಹೆಸರೂ ಹಾಗೆಯೇ. ಆದರೆ ಹೆಸರಿನ ವಯಸ್ಸೂ ಭಾಷೆಯ ವಯಸ್ಸೂ ಒಂದೇ ಅಲ್ಲ. ಹತ್ತನೆಯ ಶತಮಾನದ ನಮ್ಮ ಪಂಪ ಮಲ್ಲಿಗೆಯನ್ನು ಮನಸಾರೆ ಕೊಂಡಾಡಿದ್ದಾನೆ. ಸುಗಂಧರಾಜವನ್ನು ಅವನು ಕಂಡಿರುವ ಸಾಧ್ಯತೆಯೇ ಇಲ್ಲ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟುವವರೆಗೆ ಆ ಖಂಡದ ಗಿಡಗಳಿಗೆ ನಮ್ಮತ್ತ ದಾರಿಯಿರಲಿಲ್ಲ. ನಾವು ನಿತ್ಯ ತಿನ್ನುವ ಮೆಣಸಿನಕಾಯಿಯೂ ದಸರೆಯ ಚೆಂಡುಹೂವೂ ಆ ಬಳಿಕ ಬಂದ ನೆಂಟರೇ.

ಮೆಕ್ಸಿಕೋದ ಅಜ್ಟೆಕ್ ಜನರು ತಮ್ಮ ನಾವಾಟ್ಲ್ ಭಾಷೆಯಲ್ಲಿ ಇದನ್ನು ‘ಓಮಿಶೋಚಿಟ್ಲ್’ ಎಂದು ಕರೆಯುತ್ತಿದ್ದರು. ಅದರ ಅರ್ಥ ‘ಮೂಳೆಹೂವು’. ಮೇಣದಂತಹ ಆ ಬಿಳುಪನ್ನು ನೋಡಿ ಇಟ್ಟ ಹೆಸರಿರಬೇಕು. ಸ್ಪೇನಿನವರು 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಗೆದ್ದು ನೆಲಸಮ ಮಾಡಿದರು. ಆದರೆ ಅಲ್ಲಿಯ ತೋಟಗಾರರು ಸಾಕಿದ ಗೆಡ್ಡೆಗಳು ಹಡಗು ಹತ್ತಿದವು. ಸೆವಿಲ್ ನಗರದ ವೈದ್ಯ ಸಿಮೋನ್ ದೆ ತೊವಾರ್ 1594ರ ಸುಮಾರಿಗೆ ಅವನ್ನು ಹಾಲೆಂಡಿನ ಲೈಡನ್ನಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್‌ಗೆ ಕಳುಹಿಸಿದನು. ಹಾಲೆಂಡಿಗೆ ಟ್ಯೂಲಿಪ್ ಹೂವಿನ ಹುಚ್ಚು ಹಿಡಿಯಲು ಕಾರಣನಾದ ಕ್ಲೂಸಿಯಸ್ ಇವನೇ.

ಇಲ್ಲೊಂದು ತಮಾಷೆ ಇದೆ. ಆ ಕಾಲದ ಲ್ಯಾಟಿನ್ ಸಸ್ಯಗ್ರಂಥಗಳಲ್ಲಿ ಇದಕ್ಕೆ ‘ಇಂಡಿಯಾದ ಹಯಸಿಂತ್’ ಎಂಬರ್ಥದ ಹೆಸರಿತ್ತು. ಅಮೆರಿಕವನ್ನೂ ಇಂಡಿಯಾ ಎಂದೇ ಕರೆಯುತ್ತಿದ್ದ ಕಾಲವದು. ನಮ್ಮ ಹೆಸರು ಹೊತ್ತ ಮೇಲೆಯೇ ಅದು ನಮ್ಮಲ್ಲಿಗೆ ಬಂದಿತೋ ಏನೋ! ಇಂಗ್ಲಿಷಿನ ‘ಟ್ಯೂಬರೋಸ್’ ಕೂಡ ಕಿವಿಯನ್ನು ವಂಚಿಸುತ್ತದೆ. ಅದರಲ್ಲಿ ರೋಸೂ ಇಲ್ಲ, ಟ್ಯೂಬೂ ಇಲ್ಲ; ಗೆಡ್ಡೆಯುಳ್ಳದ್ದು ಎಂಬರ್ಥದ ‘ಟ್ಯೂಬರೋಸಾ’ ಎಂಬ ಲ್ಯಾಟಿನ್ ಪದವಿದೆ, ಅಷ್ಟೆ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಟ್ರಿಯನಾನ್ ಅರಮನೆಯ ತೋಟದಲ್ಲಿ ಈ ಗಿಡಗಳನ್ನು ತುಂಬಿಸಿದ್ದನು. ಪರಿಮಳ ತಾಳಲಾರದೆ ಜನರು ಅಲ್ಲಿಂದ ಹೊರನಡೆದರೆಂದು ಸೇಂಟ್ ಸಿಮೋನನ ಸ್ಮರಣೆಗಳಲ್ಲಿ ಬರುತ್ತದೆ. ಕೊಯ್ದ ಮೇಲೂ ಈ ಹೂವು ಪರಿಮಳವನ್ನು ಉತ್ಪಾದಿಸುತ್ತಲೇ ಇರುತ್ತದೆ. ಅದನ್ನರಿತ ಫ್ರಾನ್ಸಿನ ಗ್ರಾಸ್ ಪಟ್ಟಣದವರು ಹೂವನ್ನು ಬೇಯಿಸದೆ, ತಣ್ಣನೆಯ ಕೊಬ್ಬಿನ ಮೇಲೆ ಹರಡಿ ಸುಗಂಧ ತೆಗೆಯುತ್ತಿದ್ದರು. ಮದುವೆಯ ಹಾರ ಮರುದಿನವೂ ಘಮಘಮಿಸುವ ಗುಟ್ಟೂ ಇದೇ.

ಸಸ್ಯಶಾಸ್ತ್ರಜ್ಞರು 2017ರಲ್ಲಿ ಸುಗಂಧರಾಜವನ್ನು ‘ಅಗೇವ್’ ಕುಲಕ್ಕೆ ಸೇರಿಸಿದರು. ಎಂದರೆ ಹೊಲದ ಬದುವಿನ ಮುಳ್ಳು ಕತ್ತಾಳೆಯು ಇದರ ದಾಯಾದಿ! ಅದೂ ಮೆಕ್ಸಿಕೋ ಕಡೆಯದೇ. ಮೊದಲು ನಂಬುವುದು ಕಷ್ಟ. ಆದರೆ ಕತ್ತಾಳೆಯ ಬಾಳನ್ನು ನೆನೆಯಿರಿ: ವರ್ಷಗಟ್ಟಲೆ ಕಾದು, ಒಮ್ಮೆ ಕಂಬದಂತೆ ಹೂದಂಡು ಎತ್ತಿ, ಬುಡದಲ್ಲಿ ಮರಿಗಳನ್ನು ಬಿಟ್ಟು ಸಾಯುತ್ತದೆ. ಸುಗಂಧರಾಜದ ಗೆಡ್ಡೆಯೂ ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಡುತ್ತದೆ. ಮುಂದಿನ ಹೂವು ಅದರ ಪಕ್ಕದ ಮರಿಗೆಡ್ಡೆಗಳದ್ದು.

“ಮೊದಲ ವರ್ಷ ಚೆನ್ನಾಗಿ ಬಂತು ಮೇಷ್ಟ್ರೇ, ಆಮೇಲೆ ಬರೀ ಎಲೆ” ಎಂದು ಹಲವರು ನನ್ನಲ್ಲಿ ದೂರುವುದುಂಟು. ಗೊಬ್ಬರದ ಕೊರತೆಯಲ್ಲ ಅದು. ಮರಿಗಳು ಒತ್ತೊತ್ತಾಗಿ ಬೆಳೆದು ಒಂದನ್ನೊಂದು ದಪ್ಪವಾಗಗೊಡುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಎಲೆ ಹಳದಿಯಾದಾಗ ನೀರು ನಿಲ್ಲಿಸಿ ಅಗೆಯಬೇಕು. ಮಣ್ಣು ಕೊಡವಿ, ಮರಿಗಳನ್ನು ಬಿಡಿಸಿ, ನೆರಳಿನಲ್ಲಿ ಒಂದು ತಿಂಗಳಾದರೂ ಒಣಗಲು ಬಿಡಬೇಕು. ಎರಡು ಸೆಂಟಿಮೀಟರಿಗಿಂತ ದಪ್ಪಗಿರುವುದನ್ನು ಆರಿಸಿ, ನಾಲ್ಕರಿಂದ ಆರು ಸೆಂಟಿಮೀಟರ್ ಆಳದಲ್ಲಿ, ಗೇಣಿನಷ್ಟು ಅಂತರ ಬಿಟ್ಟು ನೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಹೂದಂಡು ಏಳುತ್ತದೆ. ಬಿಸಿಲು ಧಾರಾಳವಾಗಿರಲಿ. ನೀರು ಮಾತ್ರ ಬುಡದಲ್ಲಿ ನಿಲ್ಲಬಾರದು. ಮಳೆಗಾಲದಲ್ಲಿ ಗೆಡ್ಡೆ ಕೊಳೆಯುವುದು ಅದರಿಂದಲೇ.

ಈ ಅಗೆಯುವ, ಬಿಡಿಸುವ, ನೆಡುವ ಕೆಲಸವೇ ಸುಗಂಧರಾಜದ ನಿಜವಾದ ಇತಿಹಾಸವೆಂದು ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಇದನ್ನು ಬೀಜದಿಂದ ಬೆಳೆಸಿದವರು ವಿರಳ; ಗೆಡ್ಡೆಯು ಕೈಯಿಂದ ಕೈಗೆ ಸಾಗಿಯೇ ಬಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿಂಗಲ್ ಮತ್ತು ಡಬಲ್ ಬಗೆಗಳನ್ನು ಕೂಡಿಸಿ ‘ಶೃಂಗಾರ್’, ‘ಸುವಾಸಿನಿ’ ತಳಿಗಳನ್ನು ತಂದರು. ಆಮೇಲೆ ಶೃಂಗಾರ್ ಜೊತೆಗೆ ‘ಮೆಕ್ಸಿಕನ್ ಸಿಂಗಲ್’ ಎಂಬುದನ್ನು ಕೂಡಿಸಿ ‘ಪ್ರಜ್ವಲ್’ ತಳಿಯನ್ನು ರೂಪಿಸಿದರು. ಅದರ ಮೊಗ್ಗಿನ ತುದಿಯಲ್ಲಿ ನಸುಗೆಂಪು ಛಾಯೆಯಿರುತ್ತದೆ. ಅಂದು ದೇವರಿಗೆ ಏರಿದ ಹಾರದಲ್ಲಿ ಮೆಕ್ಸಿಕೋ ಮತ್ತು ಹೆಸರಘಟ್ಟ ಎರಡೂ ಇದ್ದಿರಬಹುದು! ಬದಿಗೆ ಸರಿದ ಡೇರೆಯಾದರೋ 1789ರಲ್ಲಿ ಮ್ಯಾಡ್ರಿಡ್ಡಿಗೆ ತಲುಪಿತು. ಮಲೆನಾಡಿನ ಹೆಂಗಳೆಯರು ಮಳೆಗಾಲದಲ್ಲಿ ಅದನ್ನು ಮಗುವಿನಂತೆ ಸಾಕಿ, ಗೆಡ್ಡೆಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದನ್ನು ಬಲ್ಲವರು ಅದನ್ನು ಪರಕೀಯವೆನ್ನಲಾರರು.

ಆ ಹುಡುಗಿಗೆ ನಾಲ್ಕು ಸುಗಂಧರಾಜದ ಗೆಡ್ಡೆಗಳನ್ನು ತೆಗೆದಿಟ್ಟಿದ್ದೇನೆ. ಪ್ರತಿಯಾಗಿ ಬಿಳಿ ಡೇರೆಯ ಒಂದು ಗೆಡ್ಡೆ ಕೊಡುವೆನೆಂದು ಫೋನಿನಲ್ಲಿ ಒಪ್ಪಿಕೊಂಡಿದ್ದಾಳೆ. ಉಳಿದವು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿವೆ. ಯುಗಾದಿಯೊಳಗೆ ಈ ಕಡೆ ಬರುವವರು ಒಯ್ಯಬಹುದು.